ಬಾಳಿಕೆ ರಾಯರ ಫೋನು

ಬಾಳಿಕೆ ರಾಯರು ನಮ್ಮ ಬೀದಿಯಲ್ಲಿದ್ದಾರೆ. ನಿಮ್ಮ ಬೀದಿಯಲ್ಲೂ ಇರುತ್ತಾರೆ, ಹೆಸರು ಬೇರೆ ಇರಬಹುದು. ನಿವೃತ್ತಿಯಾಗುವವರೆಗೆ ಸರ್ಕಾರಿ ಕಚೇರಿಯೊಂದರಲ್ಲಿ ಲೆಕ್ಕಪತ್ರ ತಪಾಸಣೆ ಮಾಡುತ್ತಿದ್ದವರು. ಆಮೇಲೂ ಬಿಟ್ಟಿಲ್ಲ, ಕಚೇರಿಯ ಬದಲು ಪ್ರಪಂಚದ್ದು ಮಾಡುತ್ತಿದ್ದಾರೆ, ಅಷ್ಟೇ. ಎಡಗೈಯಲ್ಲಿ ಕೀಲಿ ಕೊಡುವ ಎಚ್‌ಎಂಟಿ ಜನತಾ. ವಾಚ್ ಕಂಪನಿಯನ್ನೇ ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು, ವಾಚು ಮಾತ್ರ ನಿಂತಿಲ್ಲ. "ಮಾಡಿದೋರಿಗಿಂತ ಮಾಡಿದ್ದು ಗಟ್ಟಿ" ಎಂದು ಆಗಾಗ ಮಣಿಕಟ್ಟನ್ನು ನಮ್ಮ ಕಿವಿಗೆ ಹಿಡಿಯುತ್ತಾರೆ.

ಯಾವ ವಸ್ತು ಕಂಡರೂ ಅವರದು ಒಂದೇ ಪ್ರಶ್ನೆ: "ಎಷ್ಟು ವರ್ಷ ಬರುತ್ತೆ?" ಕುಕ್ಕರ್, ಚಪ್ಪಲಿ, ನಿನ್ನೆ ರಾತ್ರಿ ಹಾಕಿದ ಡಾಂಬರು, ಹೊಸ ಮುಖ್ಯಮಂತ್ರಿ, ಯಾವುದಕ್ಕೂ ವಿನಾಯಿತಿ ಇಲ್ಲ. ಒಮ್ಮೆ ನೆಂಟರು ಸಾಫ್ಟ್‌ವೇರ್ ವರನನ್ನು ನೋಡಲು ಹೋಗುವಾಗ ಹಿರಿಯರು ಎಂದು ಇವರನ್ನೂ ಕರೆದೊಯ್ದರು. ಉಪ್ಪಿಟ್ಟು ಮುಗಿಸಿ ಕೈ ಒರೆಸಿಕೊಂಡವರೇ, "ಸಂಬಳ ಸರಿ. ಕೆಲಸಕ್ಕೆ ವಾರಂಟಿ ಎಷ್ಟು ವರ್ಷ?" ಎಂದರು. ಆಮೇಲೆ ಅವರನ್ನು ಯಾರೂ ವರನ ಮನೆಗೆ ಕರೆದೊಯ್ದಿಲ್ಲ.

ಫೋನಿನ ವಿಷಯದಲ್ಲಿ ರಾಯರ ಸತ್ಯಯುಗ ನೋಕಿಯಾ 1100. 2003ರಲ್ಲಿ ಬಂದ ಆ ಫೋನು ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಧೂಳು ನುಗ್ಗದ ಕೀಲಿಮಣೆ, ತಲೆಯ ಮೇಲೊಂದು ಟಾರ್ಚು. ಕರೆಂಟು ಹೋದಾಗ ರಾಯರು ಅದರ ಬೆಳಕಲ್ಲಿ ಮೀಟರ್ ಬೋರ್ಡು ನೋಡಿದ್ದಾರೆ, ಅದನ್ನೇ ಸಂಪಿನ ಮುಚ್ಚಳದ ಮೇಲೆ ಬೀಳಿಸಿದ್ದಾರೆ, ಮುಚ್ಚಳಕ್ಕೆ ಏನೂ ಆಗಲಿಲ್ಲವೆಂದು ನೋಡಿ ಸಮಾಧಾನಪಟ್ಟಿದ್ದಾರೆ. 2007ರ ಆಗಸ್ಟಿನಲ್ಲಿ, ಆ ಫೋನಿಗೆ ಹಾಕುವ ಬಿಎಲ್-5ಸಿ ಬ್ಯಾಟರಿಗಳಲ್ಲಿ 4.6 ಕೋಟಿಯಷ್ಟು ಅತಿಯಾಗಿ ಬಿಸಿಯಾಗಬಹುದು, ಬದಲಿಸಿಕೊಡುತ್ತೇವೆ ಎಂದು ಕಂಪನಿ ಪ್ರಕಟಿಸಿದಾಗ ಬೀದಿಯೆಲ್ಲ ಗಾಬರಿಯಾಯಿತು. ರಾಯರು ಭೂತಗನ್ನಡಿ ಹಿಡಿದು ತಮ್ಮದರ ಸಂಖ್ಯೆ ಓದಿದರು. ತೊಂದರೆ ಇದ್ದದ್ದು 2005ರ ಡಿಸೆಂಬರಿನಿಂದ 2006ರ ನವೆಂಬರಿನವರೆಗೆ ಜಪಾನಿನ ಮತ್ಸುಶಿತಾ ಕಂಪನಿ ಮಾಡಿದ್ದರಲ್ಲಿ; ಇವರದು ಅದಕ್ಕೂ ಹಿಂದಿನದು. ಪುಕ್ಕಟೆ ಹೊಸ ಬ್ಯಾಟರಿ ತಪ್ಪಿತೆಂಬ ಸಣ್ಣ ನೋವಿದ್ದರೂ, ಹಳೆಯದೇ ಗಟ್ಟಿ ಎಂಬ ತಮ್ಮ ಸಿದ್ಧಾಂತಕ್ಕೆ ಜಪಾನಿನಿಂದ ಪುರಾವೆ ಸಿಕ್ಕಿತೆಂದು ಒಂದು ವಾರ ಎದೆಯುಬ್ಬಿಸಿ ಓಡಾಡಿದರು.

2014ರ ದೀಪಾವಳಿಗೆ ಮಗಳು ಹಟ ಮಾಡಿ ಸ್ಮಾರ್ಟ್‌ಫೋನು ಕೊಡಿಸಿದಳು. ಆಂಡ್ರಾಯ್ಡ್ ಕಿಟ್‌ಕ್ಯಾಟ್. ಚಾಕಲೇಟಿನ ಹೆಸರಿಟ್ಟ ಯಂತ್ರ ಎಷ್ಟು ದಿನ ಕರಗದೆ ಇದ್ದೀತು ಎಂಬ ಗುಮಾನಿಯಿಂದಲೇ ಹಿಡಿದುಕೊಂಡರು. ಆದರೆ ಸಾಕಿದ ರೀತಿ ನೋಡಬೇಕು! ಪರದೆಯ ಮೇಲಿನ ಕಂಪನಿಯ ಪ್ಲಾಸ್ಟಿಕ್ ಹಾಳೆ ತೆಗೆಯಲಿಲ್ಲ. ಹೊಲಿಸಿದ ಖಾದಿ ಚೀಲದಲ್ಲಿಟ್ಟರು. ರಾತ್ರಿ ಒಂಬತ್ತಕ್ಕೆ ಆರಿಸಿ ಮಲಗಿಸಿದರು. ಹತ್ತು ವರ್ಷವಾದರೂ ಒಂದು ಗೀರಿಲ್ಲ. 2025ರ ಜನವರಿ 1ರಂದು ಅದರಲ್ಲಿ ವಾಟ್ಸಾಪ್ ನಿಂತಿತು. ಕಿಟ್‌ಕ್ಯಾಟಿಗೆ ಇನ್ನು ಬೆಂಬಲವಿಲ್ಲ ಎಂದು ಮೊದಲೇ ಹೇಳಿದ್ದರಂತೆ. ರಾಯರು ಅದನ್ನು ವಂಚಕರ ಸಂದೇಶವೆಂದು ಅಳಿಸಿದ್ದರು. ಸೂರ್ಯೋದಯದ ಮೇಲೆ ಗುಲಾಬಿ ಹೂವಿಟ್ಟ ಅವರ ಶುಭಾಶಯ ಬಾರದ ಮೊದಲ ಹೊಸ ವರ್ಷ ಅದು. ಬೀದಿಯಲ್ಲಿ ಕೆಲವರಿಗೆ ನೆಮ್ಮದಿಯಾದದ್ದನ್ನು ನಾನು ಬಲ್ಲೆ.

ರಾಯರು ಮಾತ್ರ ಕುಸಿದರು. ಒಡೆದಿದ್ದರೆ ಅಂಟಿಸಬಹುದಿತ್ತು, ಸವೆದಿದ್ದರೆ ಬದಲಿಸಬಹುದಿತ್ತು. "ಮೈಕೈ ಎಲ್ಲಾ ನೆಟ್ಟಗಿದೆ, ಉಸಿರು ಮಾತ್ರ ಅಲ್ಲೆಲ್ಲೋ ಅಮೆರಿಕದಲ್ಲಿ ಕೂತೋನು ನಿಲ್ಲಿಸಿದಾನೆ" ಎಂದು ಎಲ್ಲರ ಹತ್ತಿರ ಹೇಳಿಕೊಂಡರು. ವಸ್ತು ನಮ್ಮ ಜೇಬಿನಲ್ಲಿದ್ದು ಅದರ ಆಯಸ್ಸು ಬೇರೆಯವರ ಕೈಯಲ್ಲಿರುವ ಈ ವ್ಯವಸ್ಥೆಗೆ ಎಚ್‌ಎಂಟಿ ಕಾಲದ ಮನುಷ್ಯ ಒಗ್ಗುವುದು ಕಷ್ಟ. ಸಾಲದ್ದಕ್ಕೆ, ಪಿಂಚಣಿಯ ಜೀವನ ಪ್ರಮಾಣಪತ್ರಕ್ಕೆ ಈಗ ಬ್ಯಾಂಕಿಗೆ ಬರುವುದೇ ಬೇಡ, ಮನೆಯಲ್ಲೇ ಫೋನಿಗೆ ಮುಖ ತೋರಿಸಿದರೆ ಆಯಿತು ಎಂದು ಕೌಂಟರಿನ ಹುಡುಗಿ ಹೇಳಿ ಕಳಿಸಿದ್ದಳು. ರಾಯರ ತರ್ಕ ಅಲ್ಲಿಂದ ಹೊರಟಿತು: "ಪ್ರತಿ ನವೆಂಬರಿನಲ್ಲಿ ನಾನು ಬದುಕಿದ್ದೀನಿ ಅಂತ ಅದು ಸಾಕ್ಷಿ ಹೇಳಬೇಕು. ಅಂದ್ಮೇಲೆ ಸಾಕ್ಷಿ ನನಗಿಂತ ಗಟ್ಟಿಯಾಗಿರಬೇಡವೇ?"

ಹೀಗೆ ಶುರುವಾದ ಶೋಧನೆಗೆ ಒಂದು ಉದ್ದನೆಯ ಲೆಕ್ಕದ ಪುಸ್ತಕ ಮೀಸಲಾಯಿತು. ಅಂಗಡಿಗೆ ಜೊತೆಗೆ ಹೋಗುವ ಭಾಗ್ಯ ನನ್ನದು. ಅಂಗಡಿಯ ಹುಡುಗ ಎಲ್ಲ ಹುಡುಗರಂತೆ ಕ್ಯಾಮೆರಾದಿಂದ ಆರಂಭಿಸಿದ. "108 ಮೆಗಾಪಿಕ್ಸೆಲ್, ಸರ್." ರಾಯರು "ಅಷ್ಟೋತ್ತರಕ್ಕೆ ಸರಿಹೋಯ್ತು, ಮುಂದೆ ಹೇಳು" ಎಂದರು. ಹಿಂಬದಿಯೂ ಗಾಜಿನದೇ ಎಂದು ಅವನು ಹೆಮ್ಮೆಯಿಂದ ತಿರುಗಿಸಿ ತೋರಿಸಿದ. "ಬೆನ್ನಿಗೆ ಯಾಕಪ್ಪಾ ಗಾಜು?" ತಂತಿಯಿಲ್ಲದೆ ಚಾರ್ಜ್ ಮಾಡಲು ಲೋಹ ಅಡ್ಡಬರುತ್ತದೆ, ಗಾಜು ಬಿಡುತ್ತದೆ. ಹಾಗಾದರೆ ಇದು ತಂತಿಯಿಲ್ಲದೆ ಚಾರ್ಜ್ ಆಗುತ್ತದೋ? ಇಲ್ಲ, ಈ ಮಾಡೆಲ್ಲಿನಲ್ಲಿ ಆ ಸೌಲಭ್ಯವಿಲ್ಲ. ಮತ್ತೆ ಗಾಜು? "ಲುಕ್ಕಿಗೆ, ಸರ್. ಒಡೀದೇ ಇರೋಕೆ ಮುನ್ನೂರು ರೂಪಾಯಿ ರಬ್ಬರ್ ಕವರ್ ಹಾಕ್ಕೊಡ್ತೀನಿ, ಲುಕ್ಕು ಕಾಣಿಸಲ್ಲ, ಸೇಫ್ ಆಗಿರುತ್ತೆ." ರಾಯರು ಪುಸ್ತಕದಲ್ಲಿ ಏನೋ ಬರೆದುಕೊಂಡರು. ಕೆಂಪು ಶಾಯಿಯಲ್ಲಿ.

ಐಪಿ68ರ ಸರದಿ ಬಂತು. ಆರು ಎಂದರೆ ಧೂಳು ಒಳಗೆ ಹೋಗದು, ಎಂಟು ಎಂದರೆ ಒಂದು ಮೀಟರಿಗಿಂತ ಆಳದ ನೀರಿನಲ್ಲಿ ಕಂಪನಿ ಹೇಳಿದಷ್ಟು ಹೊತ್ತು ಇದ್ದರೂ ತಡೆಯುತ್ತದೆ, ಪರೀಕ್ಷೆ ಸಿಹಿನೀರಿನಲ್ಲಿ. "ಸಂಪಿಗೆ ಬಿದ್ರೆ?" "ಏನೂ ಆಗಲ್ಲ, ಸರ್." "ಆದ್ರೆ ವಾರಂಟಿ ಇದೆ ತಾನೆ?" ಹುಡುಗ ಈಗ ಧ್ವನಿ ತಗ್ಗಿಸಿದ. "ನೀರು ಹೋದ್ರೆ ವಾರಂಟಿ ಬರಲ್ಲ, ಸರ್." ರಾಯರು ನನ್ನ ಕಡೆ ತಿರುಗಿ, ನೀರು ಹೋಗುವುದಿಲ್ಲವೆಂಬ ನಂಬಿಕೆ ಮಾಡಿದವನಿಗೇ ಇಲ್ಲ, ನಾನು ಯಾಕೆ ಇಟ್ಟುಕೊಳ್ಳಲಿ ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಇಂದಿಗೂ ಇಲ್ಲ.

ಐಫೋನು ದೇವನಹಳ್ಳಿಯಲ್ಲಿ ಫಾಕ್ಸ್‌ಕಾನಿನವರು, ಕೋಲಾರದ ನರಸಾಪುರದಲ್ಲಿ ಟಾಟಾದವರು ಮಾಡುತ್ತಾರೆಂದು ಪೇಪರಿನಲ್ಲಿ ಓದಿದ ದಿನ ಅವರ ಉತ್ಸಾಹ ಹೇಳತೀರದು. ಮೈಸೂರಿನ ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆ ಮಳಿಗೆಯಿಂದ ಪತ್ನಿಗೆ ಸೀರೆ ತಂದ ಅನುಭವವಿದ್ದವರು. ದೇವನಹಳ್ಳಿಯ ಗೇಟಿಗೇ ಹೋದರೆ ಕಾರ್ಖಾನೆ ಬೆಲೆಗೆ, ಅಂಚಿನಲ್ಲಿ ಸಣ್ಣ ದೋಷವಿರುವುದೊಂದು ಸಿಗದೇ ಎಂಬುದು ಅವರ ಲೆಕ್ಕ. ಹಾಗೆಲ್ಲ ಗೇಟಿನಲ್ಲಿ ಮಾರುವುದಿಲ್ಲ, ಮನೆಯ ಪಕ್ಕದಲ್ಲೇ ಮಾಡಿದರೂ 18 ಪರ್ಸೆಂಟ್ ಜಿಎಸ್‌ಟಿ ತಪ್ಪದು ಎಂದು ತಿಳಿಸಿ ಹೇಳುವಷ್ಟರಲ್ಲಿ ಕಾಫಿ ಎರಡು ಸಲ ಆಗಿತ್ತು.

ಇಷ್ಟರಲ್ಲಿ ಮ್ಯೂನಿಕ್‌ನಲ್ಲಿರುವ ಮಗಳು ಅಲ್ಲಿನ ಅಂಗಡಿಯ ಚೀಟಿಯೊಂದರ ಫೋಟೊ ನನ್ನ ಫೋನಿಗೆ ಕಳಿಸಿದಳು. ಯುರೋಪಿನಲ್ಲಿ 2025ರ ಜೂನ್ 20ರಿಂದ ಪ್ರತಿ ಹೊಸ ಮಾಡೆಲ್ಲಿಗೂ ಅಂಥ ಚೀಟಿ ಕಡ್ಡಾಯ: ಬಿದ್ದರೆ ಎಷ್ಟು ತಡೆಯುತ್ತದೆ, ರಿಪೇರಿ ಎಷ್ಟು ಸುಲಭ ಎಂಬುದಕ್ಕೆ ದರ್ಜೆ, ಬ್ಯಾಟರಿ ಎಷ್ಟು ಆವರ್ತ ಬರುತ್ತದೆ ಎಂಬುದಕ್ಕೆ ಸಂಖ್ಯೆ. 800 ಸಲ ಪೂರ್ತಿ ಚಾರ್ಜ್ ಮಾಡಿದ ಮೇಲೂ ಬ್ಯಾಟರಿಯಲ್ಲಿ ಶೇ. 80ರಷ್ಟು ಶಕ್ತಿ ಉಳಿದಿರಬೇಕೆಂಬ ನಿಯಮವೂ ಬಂತು. ರಾಯರು ಆ ಚೀಟಿಯನ್ನು ಪಂಚಾಂಗ ಓದುವ ಗಾಂಭೀರ್ಯದಲ್ಲಿ ಓದಿದರು. ತಕ್ಷಣ ಲೆಕ್ಕ: ದಿನಕ್ಕೊಂದು ಚಾರ್ಜ್ ಎಂದರೆ ಎರಡು ವರ್ಷ ಎರಡು ತಿಂಗಳು. ಆದರೆ ಅರ್ಧ ಖರ್ಚಾಗಿ ಅರ್ಧ ತುಂಬಿಸಿದ್ದು ಅರ್ಧವೆಂದೇ ಲೆಕ್ಕ, ಎರಡು ಅರ್ಧ ಸೇರಿದರೆ ಒಂದು. "ನಾನು ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಖರ್ಚು ಮಾಡೋ ಆಸಾಮಿಯಲ್ಲ. ನಾಲ್ಕು ವರ್ಷ ಮೇಲೆ." ನಮ್ಮಲ್ಲೂ ರಿಪೇರಿ ಸೂಚ್ಯಂಕಕ್ಕೆ ಗ್ರಾಹಕ ವ್ಯವಹಾರಗಳ ಇಲಾಖೆ 2024ರಲ್ಲಿ ಸಮಿತಿ ಮಾಡಿದ ಸುದ್ದಿಯನ್ನು ಕತ್ತರಿಸಿ ಪುಸ್ತಕಕ್ಕೆ ಅಂಟಿಸಿದ್ದಾರೆ. ಸಮಿತಿಗಳ ಬಾಳಿಕೆಯ ಬಗ್ಗೆ ಅವರಿಗೆ ಸಂದೇಹವಿಲ್ಲ.

ಆದರೆ ರಾಯರ ನಿಜವಾದ ಪ್ರತಿಭೆ ಕಂಡದ್ದು ಸಾಫ್ಟ್‌ವೇರಿನ ವಿಷಯದಲ್ಲಿ. ಗೂಗಲ್ 2023ರ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರ ಎಸ್24ಕ್ಕೆ ಏಳು ವರ್ಷ ಅಪ್‌ಡೇಟ್ ಕೊಡುವ ಮಾತು ಕೊಟ್ಟವು. "ಸಾಡೇಸಾತಿಗಿಂತ ಆರೇ ತಿಂಗಳು ಕಮ್ಮಿ" ಎಂದು ರಾಯರು ಮೆಚ್ಚಿದರು. ಮೆಚ್ಚಿದ ಕೂಡಲೇ ಲೆಕ್ಕಪತ್ರದವರ ಅನುಮಾನ ಹುಟ್ಟಿತು: ಏಳು ಎಲ್ಲಿಂದ? ನಾನು ಕೊಂಡ ದಿನದಿಂದಲೋ, ಅದು ಹುಟ್ಟಿದ ದಿನದಿಂದಲೋ? ಹುಟ್ಟಿದ ದಿನದಿಂದ. ಅಂದರೆ ಹಬ್ಬದ ರಿಯಾಯಿತಿಯಲ್ಲಿ ಹೊಸ ಡಬ್ಬಿಯಿಂದ ಹೊರಬರುವ ಎರಡು ವರ್ಷ ಹಿಂದಿನ ಮಾಡೆಲ್ಲಿಗೆ ಉಳಿದಿರುವುದು ಐದೇ. ಅಂದಿನಿಂದ ಯಾವ ಅಂಗಡಿಗೆ ಹೋದರೂ ರಾಯರು ಮೊದಲು ಕೇಳುವುದು ಜಾತಕ. "ಇದರ ಜನ್ಮದಿನಾಂಕ ಹೇಳಪ್ಪಾ, ಆಯುರ್ದಾಯ ನಾನು ಹಾಕ್ಕೋತೀನಿ." ರ್‍ಯಾಮು, ಪಿಕ್ಸೆಲ್ಲು ಬಾಯಿಪಾಠವಿದ್ದ ಹುಡುಗರು ಇದಕ್ಕೆ ತಡವರಿಸುತ್ತಾರೆ. ನಾವು ನಗುತ್ತೇವೆ, ಆದರೆ ಫೋನು ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಗಳಲ್ಲಿ ಇದಕ್ಕಿಂತ ದೊಡ್ಡದು ನನಗಂತೂ ಹೊಳೆದಿಲ್ಲ.

ಕೊನೆಯ ಹಂತ ಬೆಂಗಳೂರಿನ ಎಸ್.ಪಿ. ರೋಡು. ಮಾರುವವನ ಮಾತಿಗಿಂತ ಬಿಚ್ಚುವವನ ಮಾತು ದೊಡ್ಡದು ಎಂದು ರಿಪೇರಿ ಮೇಜೊಂದರ ಮುಂದೆ ಸ್ಟೂಲು ಹಾಕಿಕೊಂಡು, ಯಾವ ಯಾವ ಫೋನು ರೋಗಿಯಾಗಿ ಬರುತ್ತದೆಂದು ಗೀಟು ಹಾಕುತ್ತ ಕೂತರು. ಒಂದು ಕಂಪನಿಯ ಗೀಟುಗಳು ಬೆಳೆಯುತ್ತಲೇ ಹೋದವು. ರಾಯರು ತೀರ್ಪು ಬರೆಯುವಷ್ಟರಲ್ಲಿ ರಿಪೇರಿಯವನು ತಲೆಯೆತ್ತದೆಯೇ, "ಅದು ಜಾಸ್ತಿ ಮಾರಾಟವಾಗೋದು ಸರ್, ಅದಕ್ಕೇ ಜಾಸ್ತಿ ಬರುತ್ತೆ. ಪಾರ್ಟೂ ಅದಕ್ಕೇ ಸಿಗೋದು. ಕೆಡದೇ ಇರೋ ಫೋನ್ ಹುಡುಕಬೇಡಿ, ಕೆಟ್ಟರೆ ಪಾರ್ಟ್ ಸಿಗೋದು ಹುಡುಕಿ" ಎಂದ. ಮೂವತ್ತು ವರ್ಷ ಬೇರೆಯವರ ತಪ್ಪು ಹಿಡಿದ ರಾಯರು ಆ ದಿನ ತಮ್ಮ ಕಾಲಮ್ಮನ್ನು ತಾವೇ ಹೊಡೆದುಹಾಕಿದರು.

ಕೊಂಡದ್ದು ಆರು ವರ್ಷದ ಮಾತು ಕೊಟ್ಟ, ಆ ವರ್ಷವೇ ಬಿಡುಗಡೆಯಾದ, ಬಸ್‌ಸ್ಟ್ಯಾಂಡಿನ ಪಕ್ಕದಲ್ಲೇ ಸರ್ವಿಸ್ ಸೆಂಟರ್ ಇರುವ, ಪ್ಲಾಸ್ಟಿಕ್ ಬೆನ್ನಿನ ಒಂದು ಮಧ್ಯಮ ಬೆಲೆಯ ಫೋನು. ದುಡ್ಡು ಎಣಿಸುವ ಮುಂಚೆ ಡಬ್ಬಿಯ ಮೇಲಿನ ಐಎಂಇಐ ಸಂಖ್ಯೆಯನ್ನು ಕೆವೈಎಂ ಎಂಬ ಮೂರಕ್ಷರದ ಮುಂದೆ ಬರೆದು 14422ಕ್ಕೆ ಸಂದೇಶ ಕಳಿಸಿ, ಅದು ಅಸಲಿಯೆಂಬ ಉತ್ತರ ಬರುವವರೆಗೆ ಅಂಗಡಿಯವನನ್ನು ಕಾಯಿಸಿದರು. ಕಳಿಸಿದ್ದು ನನ್ನ ಫೋನಿನಿಂದ. ಈಗ ಅದರ ಚಾರ್ಜಿಗೆ ಶೇ. 80ರ ಮಿತಿ ಹಾಕಿದ್ದಾರೆ, ಬಿಸಿಲಿಗೆ ಒಡ್ಡುವುದಿಲ್ಲ. ಬ್ಯಾಟರಿಗೆ ಎರಡೂ ಒಳ್ಳೆಯದೇ. ಖಾದಿ ಚೀಲ ಹಳೆಯದೇ, ಅದಕ್ಕೇನೂ ಆಗಿಲ್ಲ.

ಫೋನು ಕೊಳ್ಳಲು ಹೊರಟಿದ್ದರೆ ನಿಮ್ಮ ಬೀದಿಯ ರಾಯರನ್ನೂ ಕರೆದುಕೊಂಡು ಹೋಗಿ. ತಿಂಡಿ ಮುಗಿಸಿ ಹೊರಡಿ, ಮಧ್ಯಾಹ್ನ ಊಟಕ್ಕೆ ಕಾಯಬೇಡಿ ಎಂದು ಮನೆಯಲ್ಲಿ ಹೇಳಿ.