ಅಜ್ಜೀಪುರದ ಹಿತ್ತಿಲ ಹಕ್ಕಿಗೂಡುಗಳಲ್ಲಿ ‘ನಾಳೆ’ಯ ಪಾತ್ರ: ಒಂದು ಮಹಾಪ್ರಬಂಧದ ಸಾರ

ಹಕ್ಕಿ ಗೂಡು ಕಟ್ಟುವುದು ಮರದಲ್ಲಿ ಎಂಬ ಪೂರ್ವಪಕ್ಷವನ್ನು ಮೊದಲು ಖಂಡಿಸೋಣ. ಮರವಿದ್ದೂ ಗುಬ್ಬಚ್ಚಿ ಜಾರಿದ ನಾಡಹೆಂಚಿನ ಸಂದಿಗೆ, ಮಡಿವಾಳ ಹಕ್ಕಿ ಮುಚ್ಚಳವಿಲ್ಲದ ಪೈಪಿಗೆ, ಗೊರವಂಕ ಗಾರೆ ಕಾಣದ ಗೋಡೆಯ ತೂತಿಗೆ ಹೋಗುವುದೇಕೆ? ಮೂರೂ ಜಾಗಗಳ ಸಮಾನ ಲಕ್ಷಣ ಒಂದೇ. ಅದನ್ನು ನೋಡಿದ ಮನೆ ಯಜಮಾನ ‘ನಾಳ ಮಾಡವ ಬುಡು’ ಅಂದಿರುತ್ತಾನೆ. ಆದ್ದರಿಂದ ಸಿದ್ಧಾಂತ: ಗೂಡಿನ ಜಾಗ ಗೊತ್ತುಮಾಡುವುದು ಹಕ್ಕಿಯಲ್ಲ, ಯಜಮಾನನ ನಾಳೆ.

ಆಡಳಿತದ ಪ್ರಭಾವವೂ ಇರಬಹುದೆಂಬ ವಾದ ನಿಲ್ಲುವುದಿಲ್ಲ. ಅಜ್ಜೀಪುರವಿರುವ ಕೊಳ್ಳೇಗಾಲ ಸೀಮೆ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಆಮೇಲೆ ಮೈಸೂರಿಗೆ, 1997ರಲ್ಲಿ ಚಾಮರಾಜನಗರಕ್ಕೆ ಬಂತು. ಗುಬ್ಬಚ್ಚಿ ಯಾವ ವರ್ಗಾವಣೆಗೂ ಸೂರು ಬಿಡಲಿಲ್ಲ. ಬಿಟ್ಟದ್ದು ಹೆಂಚು ಹೋಗಿ ಆರ್‌ಸಿಸಿ ಬಂದ ಮೇಲೆ. ಆ ಚಾವಣಿಯಲ್ಲಿ ಸಂದಿಯಿಲ್ಲ. (ಸೋರುವುದು ಬೇರೆ ವಿಷಯ.)

ಸೂರಕ್ಕಿಯನ್ನು ತೋರಿಸಿ ಆಕ್ಷೇಪಿಸುವವರುಂಟು: ಅದು ಬಟ್ಟೆ ಹಗ್ಗಕ್ಕೇ ಗೂಡು ನೇತುಹಾಕುತ್ತದಲ್ಲ? ನಿಜ. ಆದರೆ ತೊಗಟೆ ಚೂರು, ಹುಳದ ಹಿಕ್ಕೆಗಳನ್ನು ಅದು ಹೆಣೆಯುವುದು ಜೇಡರ ಬಲೆಯಿಂದ, ಬಲೆ ಸಿಗುವುದು ಪೊರಕೆ ತಾಗದ ಮೂಲೆಯಲ್ಲಿ. ಎಲೆಗಳನ್ನು ಹತ್ತಿಯೆಳೆಯಿಂದ ಹೊಲಿಯುವ ಸಿಂಪಿಗನಿಗೂ ಸವರದೆ ಬಿಟ್ಟ ಬೇಲಿ ಬೇಕು.

ಗೀಜಗ ಮಾತ್ರ ಸಂಶೋಧಕರನ್ನು ಕಂಗೆಡಿಸಿತು. ಗಂಡು ಬತ್ತದ ಗರಿ ಸೀಳಿ ತಂದು ನೇಯುತ್ತದೆ, ಸೋಮಾರಿತನದ ಲೇಶವಿಲ್ಲ. ಗೂಡು ಅರ್ಧವಾದಾಗ ಹೆಣ್ಣು ಬಂದು ಒಳಹೊಕ್ಕು ಪರೀಕ್ಷಿಸುತ್ತದೆ. 1930ರಲ್ಲಿ ಸಲೀಂ ಅಲಿಯವರು ಮುಂಬಯಿ ಬಳಿಯ ಕಿಹಿಮ್‌ನಲ್ಲಿ ಕೂತು ಇದನ್ನೆಲ್ಲ ನೋಡಿದರು. ಹೆಣ್ಣು ಒಪ್ಪಿದರೆ ಕೆಲಸ ಮುಂದುವರಿಯುತ್ತದೆ, ಒಪ್ಪದಿದ್ದರೆ ಗೂಡು ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ. ಕಂತು ಬಾರದೆ ಲಿಂಟಲ್ ಮಟ್ಟಕ್ಕೆ ನಿಂತ ಮನೆಗಳನ್ನು ಬಲ್ಲ ನಮಗೆ ಇದು ಹೊಸದಲ್ಲ. ಅಲ್ಲದೆ, ಗೂಡು ತೂಗುವ ಬಾವಿ ಮೇಲಿನ ಜಾಲಿ ಕೊಂಬೆಯನ್ನು ಕಡಿಯದೆ ಉಳಿಸಿದ್ದು ಯಾರು? ಸಿದ್ಧಾಂತ ಪಾರಾಯಿತು.

ಇನ್ನು ಕೋಗಿಲೆ. ಇದು ಗೂಡನ್ನೇ ಕಟ್ಟದೆ ಕಾಗೆಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಕಾಗೆಯ ಮೊಟ್ಟೆ ಒಡೆಯಲು 16-17 ದಿನ ಬೇಕು, ಕೋಗಿಲೆಯದಕ್ಕೆ 12-14 ಸಾಕು. ಹಾಗಾಗಿ ಮೊದಲ ತುತ್ತು ಅದರ ಮರಿಗೇ. ತನ್ನ ನಾಳೆಯನ್ನೂ ಇನ್ನೊಬ್ಬರ ಕೈಲಿ ಮಾಡಿಸುವ ಈ ಪ್ರತಿಭೆಗೆ ಊರ ಯಜಮಾನರಲ್ಲೂ ಸಾಟಿಯಿಲ್ಲ. ನ್ಯಾಯಕ್ಕಾಗಿ ಕಾಗೆಯ ಹೇಳಿಕೆ ಪಡೆಯಲು ಗೂಡಿದ್ದ ಮರ ಹತ್ತಲಾಯಿತು. ಅದು ಸಂಶೋಧಕರ ನೆತ್ತಿಯ ಮೇಲೆ ಮೂರು ಕಡೆ ದಾಖಲಾಗಿದೆ.