ಮಾವನವರ ಕುಕೀಸ್ ಆಡಿಟ್

ನಮ್ಮ ಮಾವನವರು ಖಜಾನೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಕಣ್ಣಾರೆ ಕಾಣದ ಯಾವ ಲೆಕ್ಕಕ್ಕೂ ಸಹಿ ಹಾಕಿದವರಲ್ಲ. ಒಂದು ಸಂಜೆ ಹಾಲ್‌ನಲ್ಲಿರುವ ಕಂಪ್ಯೂಟರಿನಲ್ಲಿ ಮಂಡಿನೋವಿಗೆ ಕಟ್ಟುವ ಪಟ್ಟಿಯ ಬೆಲೆ ನೋಡಿದರು, ದುಬಾರಿಯಾಯಿತೆಂದು ಬಿಟ್ಟರು. ಪಟ್ಟಿ ಮಾತ್ರ ನಮ್ಮನ್ನು ಬಿಡಲಿಲ್ಲ. ಮಗಳು ರಂಗೋಲಿ ಹುಡುಕಿದರೆ ಪಕ್ಕದಲ್ಲಿ ಮಂಡಿ, ನಾನು ಕ್ರಿಕೆಟ್ ಸ್ಕೋರ್ ನೋಡಿದರೆ ಕೆಳಗೆ ಮಂಡಿ, ಹೆಂಡತಿ ಬಿಸಿಬೇಳೆಬಾತಿನ ಪುಡಿಯ ಅಳತೆ ತೆಗೆದರೆ ಮೇಲಿನಿಂದ ಇಳಿದುಬಂದದ್ದೂ ಮಂಡಿಯೇ.

“ಇದೆಲ್ಲ ಕುಕೀಸ್ ಕೆಲಸ, ಮಾವ” ಎಂದೆ.

“ಎಲ್ಲಿವೆ? ತೋರಿಸಿ ಅಳಿಯಂದಿರೇ” ಎಂದು ಕನ್ನಡಕ ಏರಿಸಿ, ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

ಹುಟ್ಟಿದ್ದು 1994ರಲ್ಲಿ, ಹುಟ್ಟಿಸಿದವರು ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಎಂದು ಪೀಠಿಕೆ ಹಾಕಿದೆ. ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಬಂದವರು ಯಾರೆಂಬುದೇ ವೆಬ್‌ಸೈಟಿಗೆ ಮರೆತುಹೋಗುತ್ತಿತ್ತು. ಅದಕ್ಕೇ ಗುರುತಿಗೊಂದು ಚೀಟಿ ಬರೆದು ನಮ್ಮ ಬ್ರೌಸರಿನಲ್ಲೇ ಇಟ್ಟುಹೋಗುವ ಏರ್ಪಾಡು. ಹೆಚ್ಚೆಂದರೆ 4 ಕೆಬಿ. ವೈರಸ್ ಅಲ್ಲ, ಪಾಪದ್ದು.

“ಇತಿಹಾಸ ಆಮೇಲೆ. ಮೊದಲು ಎಲ್ಲಿದೆ ಹೇಳಿ.”

ಕ್ರೋಮ್‌ನ ಮೂಲೆಯ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್, ಅದರೊಳಗೆ ಪ್ರೈವಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ಥರ್ಡ್ ಪಾರ್ಟಿ ಕುಕೀಸ್, ಅದರ ತಳದಲ್ಲಿ ಎಲ್ಲ ಸೈಟುಗಳ ಡೇಟಾ. ಸರ್ಕಾರಿ ಕಚೇರಿಯಲ್ಲಿ ಹಳೇ ಫೈಲು ಹುಡುಕಿದವರಿಗೆ ಈ ದಾರಿ ಹೊಸದೇನಲ್ಲ. ಮಾವನವರು ಪರದೆಗೆ ಬೆರಳಿಟ್ಟು ಓದತೊಡಗಿದರು. ಬ್ಯಾಂಕು, ರೈಲ್ವೆ, ಪತ್ರಿಕೆ, ಸರಿ. ಆಮೇಲೆ ಬಂದವು ನೋಡಿ, ಉಚ್ಚರಿಸಲೂ ಬಾರದ ಹೆಸರುಗಳು.

“ಇವರೆಲ್ಲ ಯಾರು? ನಾವು ಇವರ ಕಡೆ ತಲೆ ಹಾಕಿಯೂ ಮಲಗಿಲ್ಲವಲ್ಲ!”

ಅವರೇ ಥರ್ಡ್ ಪಾರ್ಟಿಗಳು. ಮದುವೆಮನೆಯಲ್ಲಿ ಗಂಡಿನವರ ಮುಂದೆ ಹೆಣ್ಣಿನ ಕಡೆಯವರೆಂದೂ ಹೆಣ್ಣಿನವರ ಮುಂದೆ ಗಂಡಿನ ಕಡೆಯವರೆಂದೂ ಹೇಳಿಕೊಂಡು ಉಂಡುಹೋಗುವವರಿಲ್ಲವೇ, ಹಾಗೆ. ನಾವು ನೋಡುವುದು ರಂಗೋಲಿಯ ಪುಟ; ಅದರಲ್ಲಿ ಜಾಹೀರಾತು ಹಾಕಿದವರು ತಮ್ಮ ಚೀಟಿಯನ್ನೂ ಇಟ್ಟುಹೋಗುತ್ತಾರೆ, ಮುಂದಿನ ಸೈಟಿನಲ್ಲಿ ಅದನ್ನೇ ನೋಡಿ ನಮ್ಮನ್ನು ಗುರುತು ಹಿಡಿಯುತ್ತಾರೆ.

ಕ್ರೋಮ್‌ನಲ್ಲಿ ಒಂದು ಕುಕಿಗೆ ಹೆಚ್ಚೆಂದರೆ 400 ದಿನ ಆಯುಸ್ಸು ಎಂದಾಗ ಮಾವನವರಿಗೆ ನಿಜಕ್ಕೂ ಕೋಪ ಬಂತು. “ನಾನು ಬದುಕಿದ್ದೇನೆ ಅಂತ ವರ್ಷಕ್ಕೊಮ್ಮೆ ಸರ್ಟಿಫಿಕೇಟ್ ಕೊಡದಿದ್ದರೆ ಪೆನ್ಷನ್ ನಿಲ್ಲಿಸ್ತಾರೆ. ಇದಕ್ಕೆ ಮೇಲೆ ಮೂವತ್ತೈದು ದಿನ ರಿಯಾಯಿತಿಯೇ? ಎಲ್ಲಾ ಅಳಿಸಿ!”

ಕಂಟ್ರೋಲ್, ಶಿಫ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿದೆ, ಕಿಟಕಿ ತೆರೆಯಿತು. ಅಷ್ಟರಲ್ಲಿ ಅಡುಗೆಮನೆಯಿಂದ ಕೂಗು: “ರೀ, ಮುಟ್ಟಬೇಡಿ! ಕರೆಂಟ್ ಬಿಲ್ಲಿನದೂ ಗ್ಯಾಸಿನದೂ ಪಾಸ್‌ವರ್ಡು ಹಳೇ ಕ್ಯಾಲೆಂಡರಿನ ಹಿಂದೆ ಬರೆದಿದ್ದೆ. ಅದನ್ನ ನೀವೇ ರದ್ದಿಗೆ ಹಾಕಿದ್ರಿ!”

ಎಲ್ಲ ಕುಕೀಸ್ ಅಳಿಸಿದರೆ ಲಾಗಿನ್‌ಗಳೂ ಹೋಗುತ್ತವೆ. ಆಕೆ ಹೇಳಿದ್ದು ಸರಿ. ಕಿಟಕಿ ಮುಚ್ಚಿ, ಥರ್ಡ್ ಪಾರ್ಟಿಗಳನ್ನಷ್ಟೇ ತಡೆಯುವ ಗುಂಡಿ ಒತ್ತಿದೆ. ಹಳಬರನ್ನು ಒಬ್ಬೊಬ್ಬರನ್ನಾಗಿ ಸಾಗಹಾಕುವ ಕೆಲಸ ಮಾವನವರೇ ವಹಿಸಿಕೊಂಡರು. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎರಡು ಕಲಂ: ‘ಇರಲಿ’, ‘ಹೋಗಲಿ’. ಹೆಸರಿನ ಪಕ್ಕದ ಕಸದಬುಟ್ಟಿಯ ಚಿತ್ರ ಒತ್ತುವಾಗ ಅವರ ಮುಖದಲ್ಲಿ ಸರ್ವಿಸ್‌ನಲ್ಲಿದ್ದಾಗಿನ ಕಳೆ.

ಆ್ಯಪಲ್‌ನ ಸಫಾರಿ 2020ರಿಂದಲೇ ಇಂಥವರನ್ನು ತಾನಾಗಿಯೇ ತಡೆಯುತ್ತಿದೆ. ಕ್ರೋಮ್‌ನಲ್ಲೂ ನಿಲ್ಲಿಸುತ್ತೇವೆಂದು ಅದೇ ವರ್ಷ ಹೇಳಿದ ಗೂಗಲ್, ಮುಂದೂಡುತ್ತಾ ಬಂದು 2024ರಲ್ಲಿ ಕೈಬಿಟ್ಟಿತು. ಹಾಗಾಗಿ ಆ ಗುಂಡಿಯನ್ನು ನೀವೇ ಒತ್ತಿಕೊಳ್ಳಬೇಕು. ಎಲ್ಲವನ್ನೂ ಅಳಿಸುವ ಹುಮ್ಮಸ್ಸು ಬಂದರೆ ಮಾತ್ರ ಮೊದಲು ಅಡುಗೆಮನೆಯಲ್ಲೊಮ್ಮೆ ಕೇಳಿ.