ಬೆನ್ನಿಗೆ ಮನೆ ಕಟ್ಟಿಕೊಂಡ ಗಾಡಿಯ ಮೈಲೇಜು

ಬನ್ನಿ ಗೌಡ್ರೇ, ಈ ಕಡೆ ಬೇಲಿ ಹತ್ರ ನೆರಳಿದೆ. ಟ್ರೈಲರ್ ತಗೊಳ್ಳೋದು ಗಟ್ಟಿಯಾಯ್ತು ಅಂತ ಅಕ್ಕಾವ್ರು ಹೇಳಿದ್ರು. ಮೂವತ್ತಡಿ ಉದ್ದ, ಸಾಮಾನು ನೀರು ಎಲ್ಲಾ ತುಂಬಿದ್ರೆ 10,000 ಪೌಂಡು, ಅದನ್ನ ಎಳೆಯೋಕೆ ದೊಡ್ಡ ಡೀಸೆಲ್ ಪಿಕಪ್ಪು. ಬಹಳ ಸಂತೋಷ. ಡೆನ್ವರಿನಲ್ಲಿದ್ದುಕೊಂಡು ಈ ಬೆಟ್ಟಗಳನ್ನ ಹೋಟೆಲ್ ಕಿಟಕಿಯಿಂದ ನೋಡಿ ವಾಪಸ್ ಬರೋದು ನನಗೂ ಒಗ್ಗದ ವಿಷಯ.

ಮೈಲೇಜ್ ಎಷ್ಟು ಕೊಡುತ್ತೆ ಅಂತ ತಾನೇ ನಿಮ್ಮ ಪ್ರಶ್ನೆ? ಹಾಸನದಲ್ಲಿ ಬೈಕ್ ಕೊಳ್ಳೋವಾಗ ಕೇಳಿದ್ದನ್ನೇ ಇಲ್ಲೂ ಕೇಳ್ತಿದೀರಿ, ಕೇಳಲೇಬೇಕು. ಒಂದೇ ಮಾತಲ್ಲಿ ಹೇಳೋದಾದ್ರೆ, ಹತ್ತು. ಖಾಲಿ ಓಡಿದಾಗ ಹೈವೇಲಿ ಗ್ಯಾಲನ್ನಿಗೆ 18ರಿಂದ 20 ಮೈಲಿ ಕೊಡೋ ಗಾಡಿ, ಹಿಂದೆ ಅಷ್ಟು ದೊಡ್ಡ ಟ್ರೈಲರ್ ಕಟ್ಟಿದ ತಕ್ಷಣ ಅರ್ಧಕ್ಕೆ ಇಳಿಯುತ್ತೆ. ನಮ್ಮ ಲೆಕ್ಕದಲ್ಲಿ ಲೀಟರಿಗೆ ನಾಲ್ಕೂಕಾಲು ಕಿಲೋಮೀಟರು. ಒಂದೊಂದು ದಿನ 8, ಒಂದೊಂದು ದಿನ 12. ಫೋರ್ಡಿನ ಪವರ್‌ಸ್ಟ್ರೋಕ್ ಆಗಲಿ, ರ‍್ಯಾಮಿನ ಕಮ್ಮಿನ್ಸ್ ಆಗಲಿ, ಷೆವ್ರೊಲೆಯ ಡ್ಯುರಾಮ್ಯಾಕ್ಸ್ ಆಗಲಿ, ಮೂರರಲ್ಲೂ ಇದೇ ಕತೆ. ಮೂರು ಎಂಜಿನ್ನುಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ಎಂಜಿನ್ನು ಇವತ್ತು ಕೊಡೋದಕ್ಕೂ ನಾಳೆ ಕೊಡೋದಕ್ಕೂ ಇರೋ ವ್ಯತ್ಯಾಸ ದೊಡ್ಡದು. ಅದು ಯಾಕೆ ಅಂತ ಗೊತ್ತಾದ್ರೆ ಮಿಕ್ಕಿದ್ದೆಲ್ಲ ಗೊತ್ತಾದ ಹಾಗೆ.

ಡೀಲರ್ ಹತ್ರ ಹೋದಾಗ ಒಂದು ವಿಷಯ ಗಮನಿಸಿದ್ರಾ? ಕಾರುಗಳ ಕಿಟಕಿಗೆ ಅಂಟಿಸಿರೋ ಚೀಟೀಲಿ ಮೈಲೇಜು ದಪ್ಪಕ್ಷರದಲ್ಲಿ ಬರೆದಿರುತ್ತೆ. ಈ ದೊಡ್ಡ ಪಿಕಪ್ಪುಗಳ ಚೀಟೀಲಿ ಅದು ಇರೋದೇ ಇಲ್ಲ. ಗಾಡಿ ಮತ್ತು ಅದು ಹೊರಬಹುದಾದ ಹೇರು ಎರಡೂ ಸೇರಿ 8,500 ಪೌಂಡು ಮೀರಿದ್ರೆ ಪರಿಸರ ಇಲಾಖೆ ಇಪಿಎಯ ಮೈಲೇಜಿನ ಚೀಟಿ ಹಾಕಬೇಕಿಲ್ಲ, ಕಾನೂನೇ ಹಾಗಿದೆ. ನನಗೆ ಇದು ಸರಿಯಲ್ಲ ಅನ್ಸುತ್ತೆ. ಅತಿ ಹೆಚ್ಚು ಎಣ್ಣೆ ಕುಡಿಯೋ ಗಾಡಿ ಎಷ್ಟು ಕುಡಿಯುತ್ತೆ ಅಂತ ಕೊಳ್ಳೋರಿಗೆ ಹೇಳಬೇಕಾದ್ದೇ ಇಲ್ಲ ಅಂದ್ರೆ ಹೇಗೆ? ಎಂಬತ್ತು ತೊಂಬತ್ತು ಸಾವಿರ ಡಾಲರ್ ಸುರಿಯೋ ಸಂಸಾರಸ್ಥ ಬೇಲಿ ಪಕ್ಕದವರನ್ನ ಕೇಳಿ ತಿಳ್ಕೋಬೇಕಾಗಿದೆ.

ಏನಂದ್ರಿ, ತೂಕ ಕಮ್ಮಿ ಮಾಡಿದ್ರೆ ಮೈಲೇಜ್ ಏರುತ್ತಾ? ಎಲ್ಲರೂ ಅಲ್ಲಿಗೇ ಹೋಗ್ತಾರೆ ಗೌಡ್ರೇ. ನೀರಿನ ಟ್ಯಾಂಕ್ ಖಾಲಿ ಮಾಡ್ತಾರೆ, ಪಾತ್ರೆ ಕಮ್ಮಿ ಮಾಡ್ತಾರೆ. ಸಪಾಟು ರಸ್ತೇಲಿ ಅದರಿಂದ ಸಿಗೋದು ಸ್ವಲ್ಪವೇ. ನಿಮ್ಮ ಟ್ರೈಲರಿನ ಅಗಲ ಎಂಟಡಿ, ನೆಲದಿಂದ ಸೂರಿನ ಮೇಲಿನ ಏಸಿ ತನಕ ಹತ್ತೂವರೆ ಹನ್ನೊಂದಡಿ. ಸ್ಕೂಟರ್ ಹಿಂದೆ ಕೂತೋನು ಪ್ಲೈವುಡ್ ಹಲಗೆಯನ್ನ ಅಡ್ಡಡ್ಡ ಹಿಡ್ಕೊಂಡು ಹೋದ ಹಾಗೆ ಅದು. ಹಲಗೆ ಹಗುರ ಇದ್ರೂ ಸ್ಕೂಟರ್ ಮುಂದಕ್ಕೆ ಹೋಗಲ್ಲ. ಗಂಟೆಗೆ 65 ಮೈಲಿ ವೇಗದಲ್ಲಿ ಎಂಜಿನ್ ಪಡೋ ಕಷ್ಟದಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚು ಪಾಲು ಆ ಗೋಡೆಯನ್ನ ಗಾಳಿಯೊಳಗೆ ನೂಕೋದಕ್ಕೇ ಹೋಗುತ್ತೆ. ಅದೇ 10,000 ಪೌಂಡು ತೂಕದ ಟ್ರ್ಯಾಕ್ಟರನ್ನ ತಗ್ಗಿನ ಚಪ್ಪಟೆ ಟ್ರೈಲರ್ ಮೇಲಿಟ್ಟು ಎಳೀರಿ, ಮೈಲೇಜ್ ಎದ್ದು ಕಾಣೋಷ್ಟು ಜಾಸ್ತಿ ಬರುತ್ತೆ.

ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕ ಹಾಗೆ ಏರೋದು. 60ರಿಂದ 75ಕ್ಕೆ ಹೋದ್ರೆ ವೇಗ ಕಾಲು ಭಾಗ ಜಾಸ್ತಿ, ತಡೆ ಒಂದೂವರೆ ಪಟ್ಟು ದಾಟುತ್ತೆ. ನಿಮ್ಮ ಕಾರು ಸಣ್ಣದು, ನುಣ್ಣಗಿದೆ, ಅದಕ್ಕೆ ನಿಮಗೆ ಗೊತ್ತಾಗ್ತಿರಲಿಲ್ಲ. ಇಲ್ಲಿ ಡೀಸೆಲ್ ಮುಳ್ಳು ಇಳಿಯೋದು ಕಣ್ಣಿಗೇ ಕಾಣುತ್ತೆ. 300 ಮೈಲಿ ದಾರಿಯನ್ನ 75ರಲ್ಲಿ ಹೋದ್ರೆ ನಾಲ್ಕು ಗಂಟೆ, 65ರಲ್ಲಿ ಹೋದ್ರೆ ನಾಲ್ಕು ಗಂಟೆ 37 ನಿಮಿಷ. ಆ 37 ನಿಮಿಷ ಉಳಿಸೋಕೆ ಐದಾರು ಗ್ಯಾಲನ್ ಡೀಸೆಲ್ ಸುಡಬೇಕು. ಇನ್ನೊಂದು ಮಾತು ನೆನಪಿಟ್ಕೊಳ್ಳಿ, ಟ್ರೈಲರಿನ ಟೈರುಗಳು ಎಷ್ಟೋ 65 ಮೈಲಿ ವೇಗಕ್ಕೇ ಅಂತ ಮಾಡಿರೋವು. ಕ್ಯಾಲಿಫೋರ್ನಿಯಾಕ್ಕೆ ಹೋದ್ರೆ ಟ್ರೈಲರ್ ಎಳೆಯೋ ಯಾವ ಗಾಡಿಗೂ 55 ಮೀರೋ ಹಾಗಿಲ್ಲ, ಕಾನೂನು. ಜನ ಅದನ್ನ ಬೈಕೊಂಡು ಓಡಿಸ್ತಾರೆ. ನನ್ನ ಕೇಳಿದ್ರೆ ಜೇಬಿಗೂ ಟೈರಿಗೂ ಅದಕ್ಕಿಂತ ಒಳ್ಳೇ ಕಾನೂನಿಲ್ಲ.

ಈ ಗಾಳಿ ವಿಷಯ ಹೊಸದೇನಲ್ಲ, ಇಲ್ಲಿನೋರಿಗೆ ತೊಂಬತ್ತು ವರ್ಷದ ಹಿಂದೇನೇ ಗೊತ್ತಿತ್ತು. ಹಾಲಿ ಬೌಲಸ್ ಅಂತ ಒಬ್ಬರಿದ್ರು, ಗ್ಲೈಡರ್ ಕಟ್ಟೋರು. ಲಿಂಡ್‌ಬರ್ಗ್ 1927ರಲ್ಲಿ ಅಟ್ಲಾಂಟಿಕ್ ದಾಟಿದ ವಿಮಾನ ಇದೆಯಲ್ಲ, ಅದನ್ನ ಕಟ್ಟಿದ ಕಡೆ ಕೆಲಸ ಮಾಡಿದ್ದೋರು. ಅವರು 1934ರಲ್ಲಿ ವಿಮಾನದ ಮೈಯ ಹಾಗೇ ಅಲ್ಯೂಮಿನಿಯಮ್ ತಗಡು ರಿವಿಟ್ ಹೊಡೆದು ದುಂಡಗಿನ ಟ್ರೈಲರ್ ಮಾಡಿದ್ರು. ಅದೇ ದಾರೀಲಿ ವಾಲಿ ಬಯಾಮ್ 1936ರಲ್ಲಿ ಏರ್‌ಸ್ಟ್ರೀಮ್ ಕ್ಲಿಪ್ಪರ್ ತಂದ್ರು. ಬೆಳ್ಳಿ ಬಣ್ಣದ್ದು, ರಸ್ತೇಲಿ ನೋಡೇ ಇರ್ತೀರಿ. ಈಗ ಈ ದೇಶದ ಟ್ರೈಲರುಗಳಲ್ಲಿ ಬಹುಪಾಲು ಇಂಡಿಯಾನಾದ ಎಲ್ಕ್‌ಹಾರ್ಟ್ ಸುತ್ತಮುತ್ತ ತಯಾರಾಗ್ತವೆ, ಹೆಚ್ಚಿನವು ಚೌಕ ಪೆಟ್ಟಿಗೆಗಳೇ. ಚೌಕ ಇದ್ರೆ ಒಳಗೆ ಜಾಗ ಜಾಸ್ತಿ, ಮಂಚ ಸಲೀಸಾಗಿ ಕೂರುತ್ತೆ, ಬೆಲೆಯೂ ಕಮ್ಮಿ. ನಿಮ್ಮ ಮನೇಲಿ ಐದು ಜನ, ದುಂಡನೇದು ಸಾಲಲ್ಲ, ಒಪ್ತೀನಿ. ಆದ್ರೂ ಒಂದೇ ತೂಕದ ಎರಡು ಟ್ರೈಲರ್ ತೋರಿಸಿದ್ರೆ ತಗ್ಗಾಗಿರೋದನ್ನೇ ಆರಿಸ್ಕೊಳ್ಳಿ.

ತೂಕ ಲೆಕ್ಕಕ್ಕೆ ಬರೋದು ಘಾಟೀಲಿ. ನೀವು ಯೂಟಾದ ಮೋವ್ಯಾಬ್‌ಗೆ ಹೋಗಿಬರೋ ದಾರೀಲೇ ಐಸೆನ್‌ಹೋವರ್ ಸುರಂಗ ಇದೆ. 1973ರಲ್ಲಿ ತೆರೆದಿದ್ದು, ಸಮುದ್ರಮಟ್ಟದಿಂದ 11,000 ಅಡಿ ಮೇಲೆ. ವಾಪಸ್ ಬರುವಾಗ ಸಿಲ್ವರ್‌ಥಾರ್ನ್ ಊರಿಂದ ಸುರಂಗದ ಬಾಯಿಗೆ ಸುಮಾರು ಎಂಟು ಮೈಲಿ, ಅಷ್ಟರಲ್ಲಿ ಎರಡು ಸಾವಿರ ಅಡಿ ಎತ್ತರ ಏರಬೇಕು. ಗಾಡಿ 8,000, ಟ್ರೈಲರ್ 10,000, ಒಟ್ಟು 18,000 ಪೌಂಡು. ಒಂದ್ಸಲ ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದೆ. ಒಂದು ಗ್ಯಾಲನ್ ಡೀಸೆಲ್‌ನಲ್ಲಿರೋ ಶಕ್ತಿ ಸುಮಾರು 145 ಮೆಗಾಜೂಲ್. ಅದರಲ್ಲಿ ಐದರಲ್ಲಿ ಎರಡು ಪಾಲೂ ಚಕ್ರಕ್ಕೆ ಬರಲ್ಲ, ಉಳಿದದ್ದು ಬಿಸಿಯಾಗಿ ಹೋಗುತ್ತೆ. ಆ ತೂಕವನ್ನ ಆ ಎತ್ತರಕ್ಕೆ ಎತ್ತೋದಕ್ಕೇ ಹೆಚ್ಚುಕಮ್ಮಿ ಒಂದು ಗ್ಯಾಲನ್ ಬೇಕು. ಗಾಳಿಗೆ, ಟೈರಿಗೆ ಹೋಗೋದು ಬೇರೆ. ಎಂಟು ಮೈಲಿ ಹತ್ತೋ ಹೊತ್ತಿಗೆ ಮೈಲೇಜ್ ನಾಲ್ಕು ಐದಕ್ಕೆ ಬಂದಿದ್ರೆ ಗಾಡಿ ಕೆಟ್ಟಿದೆ ಅಂತ ಗಾಬರಿ ಬೀಳಬೇಡಿ. ಅದು ಬೆಟ್ಟದ ಬಾಕಿ, ಯಾವ ಎಂಜಿನ್ನಾದರೂ ಕಟ್ಟಲೇಬೇಕು.

ಡೀಸೆಲ್ ಗಾಡಿಗೆ ಕೊಟ್ಟ ದುಡ್ಡು ಸಾರ್ಥಕ ಆಗೋದು ಇಂಥ ಜಾಗದಲ್ಲಿ. ಅಷ್ಟು ಮೇಲೆ ಗಾಳಿ ತೆಳು. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನು ಪ್ರತಿ ಸಾವಿರ ಅಡಿಗೆ ನೂರಕ್ಕೆ ಮೂರರಷ್ಟು ಶಕ್ತಿ ಕಳ್ಕೊಳ್ಳುತ್ತಾ ಬಂದು, ಸುರಂಗದ ಹತ್ರ ಏದುಸಿರು ಬಿಡುತ್ತೆ. ಟರ್ಬೊ ಇರೋ ಡೀಸೆಲ್ಲು ತಣ್ಣಗೆ ಹತ್ತಿಬಿಡುತ್ತೆ. ಇಳಿಯುವಾಗಿನದ್ದು ಇನ್ನೂ ಮುಖ್ಯ. ಶಿರಾಡಿ ಘಾಟೀಲಿ ನಮ್ಮ ಲಾರಿಯೋರು ಹೇಳ್ತಿರ್ಲಿಲ್ವಾ, ಹತ್ತಿದ ಗೇರಲ್ಲೇ ಇಳೀಬೇಕು ಅಂತ? ಇಲ್ಲೂ ಅದೇ ಮಾತು. ಅದರ ಜೊತೆಗೆ ಈ ಗಾಡಿಗಳಲ್ಲಿ ಎಕ್ಸಾಸ್ಟ್ ಬ್ರೇಕ್ ಇದೆ, ಹೊಗೆ ಹೋಗೋ ದಾರಿಯನ್ನ ಬಿಗಿಮಾಡಿ ಎಂಜಿನ್ನಿಂದಲೇ ಗಾಡಿ ಹಿಡಿಯೋದು. ಸುರಂಗ ದಾಟಿ ಪಶ್ಚಿಮಕ್ಕೆ ಇಳಿಯುವಾಗ ಬ್ರೇಕ್ ಹೋದ ಲಾರಿಗಳಿಗೆ ಅಂತ ಪಕ್ಕದಲ್ಲಿ ಜಲ್ಲಿ ತುಂಬಿದ ದಾರಿ ಮಾಡಿರೋದು ಸುಮ್ಮನೆ ಅಲ್ಲ. ಎಕ್ಸಾಸ್ಟ್ ಬ್ರೇಕ್ ಹಾಕ್ಕೊಂಡು, ಪೆಡಲ್ ಮುಟ್ಟದೆ ಮಕ್ಕಳನ್ನ ಕೂರಿಸ್ಕೊಂಡು ಇಳಿಯೋ ನೆಮ್ಮದಿಗೆ ನಾನು ಬೆಲೆ ಕಟ್ಟಲ್ಲ.

ಹಾಗಂತ ಡೀಸೆಲ್ ತಗೊಂಡ್ರೆ ದುಡ್ಡು ಉಳಿಯುತ್ತೆ ಅಂತ ತಿಳ್ಕೊಂಡಿದ್ರೆ, ಅದನ್ನ ಇವತ್ತೇ ಬಿಡಿ. ಡೀಸೆಲ್ ಎಂಜಿನ್ ಬೇಕು ಅಂದ್ರೆ ಸುಮಾರು ಹತ್ತು ಸಾವಿರ ಡಾಲರ್ ಜಾಸ್ತಿ. ವರ್ಷಕ್ಕೆ 5,000 ಮೈಲಿ ಟ್ರೈಲರ್ ಎಳೀತೀರಿ ಅಂತಿಟ್ಕೊಳ್ಳಿ. ಪೆಟ್ರೋಲ್ ಗಾಡಿ ಏಳೂವರೆ ಕೊಟ್ರೆ 667 ಗ್ಯಾಲನ್ನು, ಡೀಸೆಲ್ ಹತ್ತೂವರೆ ಕೊಟ್ರೆ 476. ಪೆಟ್ರೋಲಿಗೆ ಮೂರೂವರೆ ಡಾಲರ್, ಡೀಸೆಲಿಗೆ ನಾಲ್ಕು ಅಂತ ಹಿಡಿದ್ರೆ ವರ್ಷಕ್ಕೆ ಉಳಿಯೋದು ನಾನೂರು ಚಿಲ್ಲರೆ ಡಾಲರು. ಹತ್ತು ಸಾವಿರ ವಾಪಸ್ ಬರೋಷ್ಟರಲ್ಲಿ ನಿಮ್ಮ ಚಿಕ್ಕವಳ ಮದುವೆ ಆಗಿರುತ್ತೆ. ಫೆಡರಲ್ ಸರ್ಕಾರದ ತೆರಿಗೆಯೂ ಡೀಸೆಲಿಗೇ ಜಾಸ್ತಿ, ಗ್ಯಾಲನ್ನಿಗೆ 24.4 ಸೆಂಟು, ಪೆಟ್ರೋಲಿಗೆ 18.4. ಊರಲ್ಲಿ ಡೀಸೆಲ್ ಅಗ್ಗ ಅಂತ ಬೆಳೆದ ನಮಗೆ ಇದು ತಲೆಗೆ ಹೋಗೋಕೆ ಸ್ವಲ್ಪ ಹೊತ್ತು ಬೇಕು.

ಆಗ ಕಮ್ಮಿನ್ಸ್ ಅಂದಾಗ ನಿಮ್ಮ ಮುಖ ಅರಳಿತು ನೋಡಿ! ಪುಣೆಯ ಕಿರ್ಲೋಸ್ಕರ್ ಕಮ್ಮಿನ್ಸ್‌ನ ಆ ಕಮ್ಮಿನ್ಸೇ ಇದು. ಇಂಡಿಯಾನಾದ ಕೊಲಂಬಸ್ ಅನ್ನೋ ಊರಿನ ಕಂಪನಿ, 1962ರಲ್ಲಿ ಕಿರ್ಲೋಸ್ಕರರ ಜೊತೆ ಸೇರಿ ನಮ್ಮಲ್ಲಿಗೆ ಬಂತು. ಕಿರ್ಲೋಸ್ಕರರ ಮೊದಲ ಅಂಗಡಿ ನಮ್ಮ ಬೆಳಗಾವೀದೇ ಅಲ್ವಾ! ಇಲ್ಲಿ ಪಿಕಪ್ಪಿಗೆ ಆ ಎಂಜಿನ್ ಬಂದಿದ್ದು 1989ರಲ್ಲಿ, ಡಾಡ್ಜ್ ಗಾಡೀಲಿ. ಆಗ 160 ಅಶ್ವಶಕ್ತಿ, 5.9 ಲೀಟರು. ಹಳಬರು ಇವತ್ತಿಗೂ ಆ ಎಂಜಿನ್ನಿನ ಮೈಲೇಜನ್ನ ಹೊಗಳ್ತಾರೆ. ಹೊಗಳಲಿ. ಆದ್ರೆ ಅದರ ಹಿಂದೆ ಕಪ್ಪು ಹೊಗೆ ಕುಡೀತಾ ಬಂದೋರನ್ನೂ ಕೇಳಬೇಕು. ಈಗಿನ ಗಾಡೀಲಿ ಮಸಿ ಹಿಡಿಯೋ ಫಿಲ್ಟರ್ ಇದೆ, ಆಗಾಗ ಅದು ಹಿಡಿದ ಮಸಿಯನ್ನ ಸುಟ್ಟು ತನ್ನನ್ನ ತಾನೇ ಶುಚಿ ಮಾಡ್ಕೊಳ್ಳುತ್ತೆ. ಆವಾಗ ಸ್ವಲ್ಪ ಡೀಸೆಲ್ ಜಾಸ್ತಿ ಹೋಗುತ್ತೆ. ಅದರ ಮೇಲೆ ಹೊಗೆ ಶುಚಿ ಮಾಡೋಕೆ ಡಿಇಎಫ್ ಅಂತ ನೀರಿನಂಥದ್ದನ್ನ ಬೇರೆ ಟ್ಯಾಂಕಿಗೆ ಹಾಕಬೇಕು. ನೂರಕ್ಕೆ ಮೂವತ್ತೆರಡೂವರೆ ಪಾಲು ಯೂರಿಯಾ, ಉಳಿದದ್ದು ಶುದ್ಧ ನೀರು. ಗದ್ದೆಯ ಯೂರಿಯಾ ಕಲಸಿ ಹಾಕೋ ಉಪಾಯ ಮಾತ್ರ ಬೇಡ, ಇದು ಬಹಳ ಶುದ್ಧವಾಗಿರಬೇಕು. ಟ್ರೈಲರ್ ಎಳೆದಷ್ಟೂ ಇದೂ ಬೇಗ ಖಾಲಿಯಾಗುತ್ತೆ, ಖರ್ಚಿನ ಲೆಕ್ಕಕ್ಕೆ ಸೇರಿಸ್ಕೊಳ್ಳಿ. ಮಕ್ಕಳು ಹಿಂದೆ ನಿಂತು ಉಸಿರಾಡಬಹುದಾದ ಗಾಡಿಗೆ ಅದು ದೊಡ್ಡ ಬೆಲೆಯಲ್ಲ.

ಕೊಳ್ಳೋ ಮುಂಚೆ ಇನ್ನೊಂದು ನೋಡಿ, ಗಾಡಿಯ ಬಾಗಿಲ ಸಂದೀಲಿ ಹಳದಿ ಚೀಟಿ ಇರುತ್ತೆ, ಗಾಡಿ ಎಷ್ಟು ಹೊರಬಹುದು ಅಂತ. ಓದದೆ ಸಹಿ ಹಾಕಬೇಡಿ. ಡೀಸೆಲ್ ಎಂಜಿನ್ನೇ ಭಾರ, ಅದರಿಂದ ಹೊರೋ ಶಕ್ತಿ ಕಮ್ಮಿಯಾಗಿರುತ್ತೆ. ಟ್ರೈಲರಿನ ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಗಾಡಿಯ ಹಿಂದಿನ ಕೊಂಡಿ, ಅಂದ್ರೆ ಹಿಚ್ ಮೇಲೇ ಕೂರುತ್ತೆ, ಅಂದ್ರೆ ನಿಮ್ಮದು 1,000ದಿಂದ 1,500 ಪೌಂಡು. ಅದರ ಮೇಲೆ ನೀವೈದು ಜನ.

ಮೈಲೇಜನ್ನ ಡ್ಯಾಶ್‌ಬೋರ್ಡ್ ನೋಡಿ ನಂಬಬೇಡಿ, ಅದು ಸಾಮಾನ್ಯವಾಗಿ ಸ್ವಲ್ಪ ಜಾಸ್ತೀನೇ ತೋರಿಸುತ್ತೆ. ಟ್ಯಾಂಕ್ ಪೂರ್ತಿ ತುಂಬಿಸಿ, ಓಡಿಸಿ, ಮತ್ತೆ ಪೂರ್ತಿ ತುಂಬಿಸಿ, ಓಡಿದ ಮೈಲಿಯನ್ನ ಹಾಕಿದ ಗ್ಯಾಲನ್ನಿನಿಂದ ಭಾಗಿಸಿ. ಪಕ್ಕದಲ್ಲಿ ಅವತ್ತು ಗಾಳಿ ಯಾವ ಕಡೆಯಿಂದಿತ್ತು ಅಂತಾನೂ ಬರ್ಕೊಳ್ಳಿ. ಅದು ಬರೆಯದೆ ಎರಡು ದಿನದ ಮೈಲೇಜ್ ಹೋಲಿಸಿದ್ರೆ ಅರ್ಥವೇ ಇಲ್ಲ.

ಗಾಳಿ ಮಾತು ಬಂತು ನೋಡಿ, ಯೆಲ್ಲೋಸ್ಟೋನಿಗೆ ಮೊದಲ ಪ್ರವಾಸ ಅಂತೀರಲ್ಲ, ಷೈಯೆನ್ ದಾಟಿ ಐ-80 ಹಿಡೀತೀರಿ. ಲ್ಯಾರಮಿಯಿಂದ ರಾಲಿನ್ಸ್ ತನಕ ವಯೋಮಿಂಗಿನ ಗಾಳಿ ಅಂದ್ರೆ ಲಾರಿ ಮಗುಚೋಂಥದ್ದು, ಅದೂ ಪಶ್ಚಿಮದಿಂದ, ನಿಮ್ಮ ಮೂತಿಗೇ. ಎದುರುಗಾಳಿ ಗಂಟೆಗೆ 20 ಮೈಲಿ ಇದ್ದು ನೀವು 65ರಲ್ಲಿ ಹೊರಟ್ರೆ, ಟ್ರೈಲರಿನ ಪಾಲಿಗೆ ಅದು 85. ಮೈಲೇಜ್ ಏಳಕ್ಕೆ ಇಳಿದ್ರೂ ಆಶ್ಚರ್ಯ ಇಲ್ಲ. ಹಿಂದಿನ ರಾತ್ರಿ ಹವಾಮಾನ ನೋಡಿ, ಗಾಳಿ ಎಚ್ಚರಿಕೆ ಇದ್ರೆ ಒಂದಿನ ಉಳ್ಕೊಳ್ಳಿ. ಬೆಳಗಿನ ಜಾವ ಗಾಳಿ ಸಾಮಾನ್ಯವಾಗಿ ಕಮ್ಮಿ, ಬೇಗ ಹೊರಡಿ, ವೇಗ 60ಕ್ಕೆ ಇಳಿಸಿ. ಬರುವಾಗ ಅದೇ ಗಾಳಿ ಬೆನ್ನಿಗಿದ್ರೆ 12, 13 ಕೊಟ್ಟೀತು. ಹೋಗುವಾಗಿನ ಒಂದೇ ಅಂಕಿ ಇಟ್ಕೊಂಡು ರಾಲಿನ್ಸಿನ ಬಂಕಿಂದ ನನಗೆ ಫೋನ್ ಮಾಡಬೇಡಿ ಗೌಡ್ರೇ. ಎರಡೂ ಕಡೇದು ಕೂಡಿಸಿ, ವಾಪಸ್ ಬಂದ್ಮೇಲೆ ಹೇಳಿ.